ಅಕ್ಕ ಕುದಿಸದೆ ಕುಡಿದ ಹಾಲು

ಹಾಲಿಗೆ ಹುಳ ಹಾಕೋದೇ ಅವರ ಕೆಲಸ. ತಮಾಷೆ ಅಲ್ಲ, ನಿಜವಾಗ್ಲೂ ಅದೇ ಕೆಲಸ. ಅದಕ್ಕೇ ಸಂಬಳ, ಅದಕ್ಕೇ ಬಿಳಿ ಕೋಟು, ಗಂಬೂಟು, ತಲೆಗೆ ಬಲೆ ಟೋಪಿ. ಡೈರಿಯಲ್ಲಿ ಮ್ಯಾನೇಜರ್‌ನಿಂದ ಹಿಡಿದು ಗೇಟಲ್ಲಿ ಕೂರೋ ವಾಚ್‌ಮನ್‌ವರೆಗೆ ಎಲ್ರೂ ಅವರನ್ನ ಹುಳ ಮಾಮ ಅಂತಲೇ ಕರೀತಿದ್ರು. ಮಾಮನಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ, ಯಾರಾದ್ರೂ ಅಪ್ಪಿತಪ್ಪಿ ನಿಜವಾದ ಹೆಸರು ಹಿಡಿದು ಕೂಗಿದ್ರೆ ತಿರುಗಿ ಕೂಡ ನೋಡ್ತಿರಲಿಲ್ಲ!

ಎಷ್ಟು ಚಂದದ ಕೆಲಸ ಅಂತೀರಾ! ಬೆಳಿಗ್ಗೆ ಟ್ಯಾಂಕರಲ್ಲಿ ಬಂದ ಹಾಲು ಮೊದಲು ಸ್ಟೀಲ್ ತಗಡುಗಳ ಮಧ್ಯೆ ನುಗ್ಗಿ ಕೈ ಸುಡೋಷ್ಟು ಬಿಸಿ ಆಗುತ್ತೆ, ಕೆಟ್ಟ ಹುಳಗಳೆಲ್ಲ ಸತ್ತು ಹೋಗ್ತವೆ, ಆಮೇಲೆ ಆ ಕಡೆಯಿಂದ ತಣ್ಣಗಾಗಿ ದೊಡ್ಡ ಟ್ಯಾಂಕಿಗೆ ಬಂದು ಬೀಳುತ್ತೆ. ಪಾಶ್ಚರೈಸ್ ಮಾಡೋದು ಅಂತಾರಲ್ಲ, ಅದು ಇದೇ. ಮಾಮೂಲಿ ಹಾಲಾದ್ರೆ ಅಲ್ಲಿಂದ ಸೀದಾ ಪ್ಯಾಕಿಂಗಿಗೆ ಹೋಗಿಬಿಡುತ್ತೆ. ಆದ್ರೆ ಕಿಟಕಿ ಪಕ್ಕದ ಟ್ಯಾಂಕಿನ ಹಾಲು ಮಾತ್ರ ಮಾಮನಿಗೋಸ್ಕರ ಕಾಯ್ತಾ ಇರುತ್ತೆ. ಮಾಮ ಫ್ರೀಜರಿಂದ ಬೆಳ್ಳಿ ಬಣ್ಣದ ಪೊಟ್ಟಣ ತೆಗೆದು, ಕತ್ತರಿಯನ್ನ ಸ್ಪಿರಿಟಲ್ಲಿ ಒರೆಸಿ, ಟ್ಯಾಂಕಿನ ಮುಚ್ಚಳ ಎತ್ತಿ, ಉಸಿರು ಬಿಗಿಹಿಡ್ಕೊಂಡು ಅದರೊಳಗಿನ ಪೌಡರ್, ಅಂದ್ರೆ ಹೊಟ್ಟೆಗೆ ಒಳ್ಳೇದು ಮಾಡೋ ಬ್ಯಾಕ್ಟೀರಿಯಾ, ಸುರೀತಿದ್ರು. ಸುರಿದ ಮೇಲೆ ಏನಾಗುತ್ತೆ ಗೊತ್ತಾ? ಏನೂ ಆಗಲ್ಲ! ಬಣ್ಣ ಬದಲಾಗಲ್ಲ, ವಾಸನೆ ಇಲ್ಲ, ಹುಳಿ ಇಲ್ಲ, ನೋಡೋಕೆ ಅದೇ ಹಾಲು. ತಣ್ಣಗಿರೋವರೆಗೂ ಆ ಹುಳಗಳು ತೆಪ್ಪಗೆ ಮಲಗಿರ್ತವೆ, ಯಾರದ್ದಾದ್ರೂ ಹೊಟ್ಟೆಗೆ ಹೋಗಿ ಬೆಚ್ಚಗಾದ್ಮೇಲೇ ಏಳೋದು.

"ಅಲ್ಲ ಮಾಮ, ಇದ್ದ ಹುಳನೆಲ್ಲ ಸಾಯಿಸಿ ಮತ್ತೆ ಹುಳ ಹಾಕೋದಾ? ತಲೆ ಕೆಟ್ಟಿದ್ಯಾ ಕಂಪನಿಗೆ?" ಅಂತ ಪ್ಯಾಕಿಂಗಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದ್ಲು.

"ಬಾಡಿಗೆಗಿದ್ದ ರೌಡಿಗಳನ್ನ ಖಾಲಿ ಮಾಡ್ಸಿ, ಮನೆ ತೊಳೆದು, ಒಳ್ಳೆ ಸಂಸಾರಸ್ಥರನ್ನ ತಂದು ಕೂರ್ಸೋದು ಕಣಮ್ಮ" ಅಂದ್ರು ಮಾಮ.

"ಹಂಗಾದ್ರೆ ಮೊಸರಲ್ಲಿರೋವು?"

"ಅವು ಬೀದಿಲಿ ಬೆಳೆದವು. ನಮ್ಮವು ಕಾನ್ವೆಂಟಲ್ಲಿ ಓದಿದವು!"

ಇಡೀ ಪ್ಯಾಕಿಂಗ್ ಸೆಕ್ಷನ್ ಬಿದ್ದು ಬಿದ್ದು ನಕ್ಕಿತು. ಮಾಮ ಇದನ್ನ ಜೋಕ್ ಅಂತ ಹೇಳಿದ್ರೂ ಒಳಗೊಳಗೆ ನಿಜ ಅಂತಲೇ ನಂಬಿದ್ರು. ಎಲ್ಲ ಕಥೆನೂ ಆ ನಂಬಿಕೆಯಿಂದಲೇ ಆಗಿದ್ದು.

ಮಾಮನಿಗೆ ಮದುವೆ ಆಗಿರಲಿಲ್ಲ. ತನ್ನೋರು ಅಂತ ಇದ್ದಿದ್ದು ಒಬ್ಬಳು ಅಕ್ಕ, ಅಕ್ಕನ ಗಂಡ, ಅಷ್ಟೇ. ಎರಡು ಬೀದಿ ಆಚೆ ಅಕ್ಕನ ಮನೆ. ಅಕ್ಕ ಬಟ್ಟೆ ಆಲ್ಟರ್ ಮಾಡ್ತಿದ್ರು, ಪ್ಯಾಂಟ್ ಉದ್ದ ಕಮ್ಮಿ ಮಾಡೋದು, ದಪ್ಪಗಾದೋರಿಗೆ ಸೊಂಟ ಬಿಚ್ಚಿಕೊಡೋದು, ಕಿತ್ತೋದ ಜಿಪ್ಪು ಬದಲಾಯಿಸೋದು. ರಸ್ತೆಗೆ ಮುಖ ಮಾಡಿರೋ ಮುಂದಿನ ರೂಮಲ್ಲಿ ಹೊಲಿಗೆ ಮಿಷನ್ನು, ಗೋಡೆ ಉದ್ದಕ್ಕೂ ಹಗ್ಗ ಕಟ್ಟಿ ಅದರ ತುಂಬ ಜನರ ಬಟ್ಟೆ. ಆ ರೂಮು ದಾಟಿ ಅಡುಗೆಮನೆಗೆ ಹೋಗ್ಬೇಕಾದ್ರೆ ಯಾರ್ಯಾರದ್ದೋ ಶರ್ಟಿನ ತೋಳು ಮುಖಕ್ಕೆ ಬಡೀತಿತ್ತು. ಭಾವ ಲಿಫ್ಟ್ ರಿಪೇರಿ ಮಾಡೋರು. ಅವರು ಮಾತಾಡಿದ್ದನ್ನ ಕೇಳಿಸ್ಕೊಂಡೋರು ಕಮ್ಮಿ. "ಹೂಂ" ಅಂದ್ರೆ ಅದೇ ದೊಡ್ಡ ಭಾಷಣ!

ಶಿಫ್ಟ್ ಮುಗಿಸ್ಕೊಂಡು ಮಾಮ ದಿನಾ ಅಲ್ಲಿಗೇ ಊಟಕ್ಕೆ ಹೋಗ್ತಿದ್ರು. ಬಾಗಿಲಲ್ಲೇ ಅಕ್ಕನ ಗಂಟಲು.

"ಬಂದ್ಯೇನೋ ಹುಳಗಳ ಅಪ್ಪ? ಮಕ್ಕಳೆಲ್ಲ ಸುಖವಾಗಿದಾವಾ?"

"ಚೆನ್ನಾಗಿದಾವೆ. ಅತ್ತೆ ಹೇಗಿದಾರೆ ಅಂತ ಕೇಳಿದ್ವು."

ಅಕ್ಕ ಅಂದ್ರೆ ಹೇಗೆ ಅಂದ್ರೆ, ಊರಿಗೆಲ್ಲ ಜೋರು, ತಮ್ಮನ ಮುಂದೆ ಬೆಣ್ಣೆ. ಮಾಮ ಚಿಕ್ಕವರಿದ್ದಾಗ ಪಕ್ಕದ ಮನೆ ಗಾಜು ಒಡೆದ್ರೆ "ನಾನೇ ಒಡೆದಿದ್ದು" ಅಂತ ಅಕ್ಕ ಹೋಗಿ ಬೈಸ್ಕೊಂಡು ಬಂದಿದ್ರು. ತಮ್ಮ ಮುಖ ಸಪ್ಪೆ ಮಾಡ್ಕೊಂಡ್ರೆ ಸಾಕು, ಅಕ್ಕನಿಗೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ದೊಡ್ಡವರಾದ್ಮೇಲೂ ಹಾಗೇ.

ಆ ಅಕ್ಕನಿಗೆ ರಕ್ತದ ಕ್ಯಾನ್ಸರ್ ಬಂತು.

ಮೊದಲು ಬರೀ ಸುಸ್ತು ಅಂತಿದ್ರು, ಆಮೇಲೆ ತೋಳಿನ ಮೇಲೆ ಕಾರಣನೇ ಇಲ್ಲದೆ ನೀಲಿ ಕಲೆ, ಆಮೇಲೆ ಆಸ್ಪತ್ರೆ, ಆಮೇಲೆ ಕೀಮೋ. ಕೂದಲು ಉದುರ್ತು. ಅಕ್ಕ ಉಳಿದ ಬಟ್ಟೆ ತುಂಡಿನಲ್ಲಿ ತಾವೇ ಹೂವಿನ ಟೋಪಿ ಹೊಲ್ಕೊಂಡು "ನೋಡೋ, ನಿನ್ನ ಬಲೆ ಟೋಪಿಗಿಂತ ಚೆನ್ನಾಗಿದೆ" ಅಂದ್ರು. ನಕ್ರು ಕೂಡ. ಆದ್ರೆ ಕೀಮೋ ಆದ್ಮೇಲೆ ಮೈಯಲ್ಲಿ ರೋಗದ ಜೊತೆ ಹೊಡೆದಾಡೋ ಬಿಳಿ ರಕ್ತಕಣಗಳೇ ಇರಲ್ಲ, ಸಣ್ಣ ಶೀತ ಬಂದ್ರೂ ಪ್ರಾಣಕ್ಕೆ ಕುತ್ತು. ಹಾಗಾಗಿ ಆಸ್ಪತ್ರೆಯಲ್ಲಿ ಊಟದ ಬಗ್ಗೆ ಹೇಳೋ ಮೇಡಂ ಭಾವನನ್ನ ಕೂರಿಸ್ಕೊಂಡು ಎಲ್ಲ ಹೇಳಿ ಕಳಿಸಿದ್ರು. ಮಾಮ ಆವತ್ತು ಡ್ಯೂಟಿಲಿದ್ರು.

"ಏನಂದ್ರು ಭಾವ?"

"ಹಸೀದು ಏನೂ ಬೇಡ. ಮೊಸರು ಬೇಡ. ಎಲ್ಲ ಬೇಯಿಸಿ, ಕುದಿಸಿ."

"ಹಾಲು?"

"ಪಾಶ್ಚರೈಸ್ ಆಗಿರ್ಬೇಕಂತೆ. ಅದನ್ನೂ ಕುದಿಸಿ ಅಂದ್ರು."

ಮಾಮನ ಕಿವಿಗೆ ಪಾಶ್ಚರೈಸ್ ಅನ್ನೋದೊಂದೇ ಬಿತ್ತು! ಮುಖ ಅರಳಿಬಿಡ್ತು. ಯಾಕಂದ್ರೆ ಅಷ್ಟು ದಿನ ಅವರಿಗೆ ಏನು ಮಾಡ್ಬೇಕು ಅಂತಲೇ ಗೊತ್ತಿರಲಿಲ್ಲ. ಭಾವ ಆಸ್ಪತ್ರೆಗೆ ಓಡಾಡ್ತಿದ್ರು, ಔಷಧಿ ತರ್ತಿದ್ರು, ಅಕ್ಕ ವಾಂತಿ ಮಾಡಿದ್ರೆ ಬೇಸಿನ್ ಹಿಡೀತಿದ್ರು, ಮಾಮ ಸುಮ್ನೆ ಸ್ಟೂಲ್ ಮೇಲೆ ಕೂತು ಮಂಡಿ ಉಜ್ಕೊಳ್ತಿದ್ರು. ಈಗ ಸಿಕ್ತಲ್ಲ ಕೆಲಸ! ತಾನು ಕೈಯಾರೆ ಮಾಡೋ ಹಾಲು. ಪಾಶ್ಚರೈಸ್ ಆಗಿದ್ದು ತನ್ನ ಕಣ್ಣೆದುರಿಗೇ. ಮೇಲಿಂದ ಹೊಟ್ಟೆಗೆ ಒಳ್ಳೇದು ಮಾಡೋ ಹುಳ ಬೇರೆ. ಪಾಶ್ಚರೈಸ್ ಆದ್ಮೇಲೆ ತಾನು ಹಾಕೋದೂ ಜೀವ ಇರೋ ಹುಳನೇ, ಬೇಡ ಅಂದಿದ್ದು ಅಂಥದ್ದನ್ನೇ ಅನ್ನೋದು ಮಾಮನ ತಲೆಗೆ ಹೊಳೀಲೇ ಇಲ್ಲ. ಹುಳ ಅಂದ್ರೆ ಬೇರೆಯವರ ಹುಳ. ತನ್ನವು ಹುಳ ಅಲ್ಲ, ತನ್ನವು.

ಮಾರನೇ ದಿನದಿಂದ ಸ್ಟಾಫಿಗೆ ಕೊಡೋ ಬಾಟಲನ್ನ ಕುಡೀದೆ, ಐಸ್ ತುಂಬಿದ ಡಬ್ಬಿಯಲ್ಲಿಟ್ಕೊಂಡು, ದಾರಿಯಲ್ಲಿ ಯಾರ ಜೊತೆಗೂ ಮಾತಿಗೆ ನಿಲ್ಲದೆ ಅಕ್ಕನ ಮನೆಗೆ ತರೋಕೆ ಶುರು ಮಾಡಿದ್ರು. ಅಕ್ಕ ಪ್ರತಿಸಲ "ಎಷ್ಟು ಚೆನ್ನಾಗಿದೆಯೋ" ಅನ್ನೋರು. ಮಾಮ ಡೈರಿಗೆ ಹೋಗಿ ಎಲ್ರಿಗೂ ಹೇಳೋರು, "ಅಕ್ಕನ ಮುಖದಲ್ಲಿ ಕಳೆ ಬಂದಿದೆ ಕಣ್ರೋ" ಅಂತ.

ಒಂದು ದಿನ ಮಧ್ಯಾಹ್ನ ಶಿಫ್ಟ್ ಬೇಗ ಬಿಟ್ತು. ಭಾವ ಕೆಲಸಕ್ಕೆ ಹೋಗಿದ್ರು. ಅಕ್ಕ ಹೊಲಿಗೆ ಮಿಷನ್ ಪಕ್ಕ ಕೂತು ಹಿಂದಿನ ದಿನದ ಹಾಲು ಕುಡೀತಿದ್ರು. ಮಾಮ ಲೋಟದೊಳಗೆ ಇಣುಕಿದ್ರು, ಹಾಲಿನ ಮೇಲೆ ಸುಕ್ಕು ಸುಕ್ಕಾಗಿ ತೆಳ್ಳಗೆ ಕೆನೆ ತೇಲ್ತಿತ್ತು. ಬೇರೆ ಯಾರೇ ಆಗಿದ್ರೂ ಗಮನಿಸ್ತಿರಲಿಲ್ಲ. ಡೈರಿ ಮನುಷ್ಯನಿಗೆ ಅದು ಗೊತ್ತಾಗದೆ ಇರುತ್ತಾ, ಕುದಿಸದೆ ಹಾಲಿಗೆ ಅಂಥ ಕೆನೆ ಕಟ್ಟೋದೇ ಇಲ್ಲ!

"ಕುದಿಸಿದ್ಯಾ ಇದನ್ನ?"

ಅಕ್ಕ ಕಳ್ಳರ ಹಾಗೆ ಲೋಟ ಮುಚ್ಕೊಂಡ್ರು. "ಒಂಚೂರು ಬೆಚ್ಚಗೆ ಮಾಡ್ದೆ ಅಷ್ಟೇ."

"ಬೆಚ್ಚಗೆ ಅಲ್ಲ, ಕೊತಕೊತ ಕುದಿಸಿದೀಯ. ಇಷ್ಟು ದಿನಾನೂ ಹೀಗೇನಾ?"

"ಅಲ್ವೋ, ಆ ಮೇಡಂ..."

"ಆ ಮೇಡಂಗೇನು ಗೊತ್ತು ನಮ್ಮ ಹಾಲು? ಒಂದೊಂದು ಪೊಟ್ಟಣನೂ ಮಗು ಎತ್ಕೊಂಡ ಹಾಗೆ ಎತ್ಕೊಂಡು ಬಂದು ಹಾಕ್ತೀನಿ, ಐಸಲ್ಲಿಟ್ಕೊಂಡು ಓಡೋಡಿ ತರ್ತೀನಿ, ನೀನು ಒಲೆ ಮೇಲಿಟ್ಟು ಎಲ್ಲಾನೂ ಸಾಯಿಸಿ ಕುಡೀತೀಯ! ಬೀದಿ ಕೊನೆ ಅಂಗಡಿ ಪ್ಯಾಕೆಟ್ ಹಾಲು ಸಾಕಿತ್ತಲ್ಲ ನಿಂಗೆ. ನನ್ನನ್ನ ಯಾಕೆ ಕೋತಿ ಥರ ಕುಣಿಸ್ದೆ?"

"ಲೇ, ಕೂಗ್ಬೇಡ್ವೋ, ಪಕ್ಕದ ಮನೆಯವ್ರು ಬರ್ತಾರೆ."

"ಬರ್ಲಿ. ನನ್ನ ಕೈಯಲ್ಲಿ ಆಗೋದು ಇದೊಂದೇ ಅಕ್ಕ. ಇದೂ ಬೇಡ ಅಂದ್ಮೇಲೆ ನಾನು ಇಲ್ಲಿಗೆ ಬಂದಾದ್ರೂ ಏನು ಕಿಸೀಲಿ?"

ಮಾಮ ಆ ಕಡೆ ತಿರುಗಿದ್ರು.  ಅಕ್ಕ ಗೋಡೆ ಹಿಡ್ಕೊಂಡು ಎದ್ದು ಬಂದು, ಡಬ್ಬಿಯಿಂದ ಆವತ್ತಿನ ಬಾಟಲ್ ತಾವೇ ತೆಗೆದು, ಮುಚ್ಚಳ ತಿರುಗಿಸಿ, ತಮ್ಮನ ಮುಖ ನೋಡ್ಕೊಂಡೇ ತಣ್ಣನೆ ಹಾಲನ್ನ ಗಟಗಟ ಕುಡಿದುಬಿಟ್ರು.

"ಆಯ್ತಾ? ಇನ್ಮೇಲೆ ಹೀಗೇ ಕುಡೀತೀನಿ. ಮುಖ ಸರಿ ಮಾಡ್ಕೋ ಮೊದ್ಲು, ನೋಡೋಕಾಗಲ್ಲ."

ಮೇಲ್ತುಟಿ ಮೇಲೆ ಬಿಳಿ ಮೀಸೆ. ಇಬ್ರೂ ನಕ್ರು. ಆಮೇಲಿಂದ ಅಕ್ಕ ದಿನಾ ಮಾಮನ ಎದುರಿಗೇ ಕುಡೀತಿದ್ರು. ಭಾವನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಮುಂದಿನ ಕೀಮೋ ಆಗಿ ಮನೆಗೆ ಬಂದ ಸ್ವಲ್ಪ ದಿನಕ್ಕೆ ಜ್ವರ ಬಂತು. ಸುಮ್ನೆ ಜ್ವರ ಅಲ್ಲ, ಹಲ್ಲು ಕಟಕಟ ಅನ್ನೋ ಚಳಿ ಜ್ವರ. ಭಾವ ಎತ್ಕೊಂಡೇ ಆಸ್ಪತ್ರೆಗೆ ಓಡಿದ್ರು. ಕೈಗೆ ಸೂಜಿ, ಬಾಟಲಿಯಿಂದ ಹನಿ ಹನಿ ಔಷಧಿ, ಒಂದು ಔಷಧಿ ಆದ್ಮೇಲೆ ಇನ್ನೊಂದು, ಜ್ವರ ಮಾತ್ರ ಜಗ್ಗಲಿಲ್ಲ. ಅಕ್ಕನ ಬೆಡ್ ಇದ್ದ ರೂಮಿಗೆ ಹೋಗೋಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ಮಾಸ್ಕ್ ಹಾಕ್ಕೋಬೇಕು. ಮಾಮನಿಗೆ ಅದೆಲ್ಲ ಡೈರಿಯಲ್ಲಿ ದಿನಾ ಮಾಡೋ ಕೆಲಸವೇ. ಆದ್ರೂ ಆವತ್ತು ಮಾಸ್ಕನ್ನ ತಿರುವುಮುರುವು ಕಟ್ಕೊಂಡ್ರು.

ವಯಸ್ಸಲ್ಲಿ ಚಿಕ್ಕವರಾದ ಡಾಕ್ಟರಮ್ಮ ಬಂದ್ರು. ಭಾವ ಗೋಡೆಗೆ ಒರಗಿ ನಿಂತಿದ್ರು, ಮಾಮ ಮಂಚದ ಕಾಲ ಹತ್ರ.

"ನಿಮ್ಮ ರಕ್ತದಲ್ಲಿ ಒಂದು ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಲ್ಯಾಬ್‌ನವರು ಹೇಳ್ತಿದಾರೆ ಅಮ್ಮ. ಲ್ಯಾಕ್ಟೋಬ್ಯಾಸಿಲಸ್ ಅಂತ. ಇದು ರಕ್ತದಲ್ಲಿ ಸಿಗೋದೇ ಅಪರೂಪ, ಸ್ಯಾಂಪಲ್ ತಗೊಳ್ಳುವಾಗ ಎಲ್ಲಿಂದಲೋ ಸೇರ್ಕೊಂಡಿರಬಹುದು ಅಂತ ನಮಗೆ ಅನುಮಾನ. ಮೊಸರು ಗಿಸರು ಏನಾದ್ರೂ ತಿಂದಿದ್ರಾ?"

ಲ್ಯಾಕ್ಟೋಬ್ಯಾಸಿಲಸ್! ಆ ಹೆಸರು ಮಾಮನಿಗೆ ಸ್ವಂತ ಮಕ್ಕಳ ಹೆಸರಿದ್ದ ಹಾಗೆ, ದಿನಾ ಬೆಳ್ಳಿ ಪೊಟ್ಟಣದ ಮೇಲೆ ನೋಡೋ ಹೆಸರು. 

ಅಕ್ಕ ಕಣ್ಣು ಬಿಟ್ರು. ಡಾಕ್ಟರನ್ನ ನೋಡಲಿಲ್ಲ, ಮಂಚದ ಕಾಲ ಹತ್ರ ನಿಂತ ತಮ್ಮನನ್ನ ನೋಡಿದ್ರು. ಆಮೇಲೆ ಒಣಗಿದ ತುಟಿಯಲ್ಲಿ ಹೇಳಿದ್ರು, "ಇಲ್ಲಮ್ಮ. ಎಲ್ಲ ಕುದಿಸಿದ್ದೇ."

"ಹಾಲು?"

"ಹಾಲೂ ಕುದಿಸೇ ಕುಡಿಯೋದು."

"ಸರಿ, ಹಾಗಾದ್ರೆ ಸ್ಯಾಂಪಲ್ ತಪ್ಪಿರ್ಬೇಕು. ಈ ಔಷಧೀನೇ ಮುಂದುವರ್ಸೋಣ" ಅಂತ ಡಾಕ್ಟರ್ ಬಾಗಿಲ ಕಡೆ ತಿರುಗಿದ್ರು.

ಮಾಮ ಸುಮ್ನಿದ್ದಿದ್ರೆ ಅದು ಅಲ್ಲಿಗೇ ಮುಗೀತಿತ್ತು. ಡೈರಿಯಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ, ಭಾವನಿಗೂ ಗೊತ್ತಾಗ್ತಿರಲಿಲ್ಲ. ಅಕ್ಕನ ಕಣ್ಣು ಅದನ್ನೇ ಹೇಳ್ತಿತ್ತು, ಬಾಯಿ ಮುಚ್ಕೊಂಡಿರು, ಬಾಯಿ ಮುಚ್ಕೊಂಡಿರು ಅಂತ.

"ಮೇಡಂ" ಅಂದ್ರು ಮಾಮ. "ಸ್ಯಾಂಪಲ್ ತಪ್ಪಿಲ್ಲ. ಅದು ನಮ್ಮ ಹಾಲಿನದು. ನಾನೇ ತಂದು ಕೊಡ್ತಿದ್ದೆ. ಕುದಿಸಿಲ್ಲ."

"ಪಾಶ್ಚರೈಸ್ ಆಗಿರ್ಲಿಲ್ವಾ?"

"ಆಗಿತ್ತು. ಆಮೇಲೆ ನಾವು ಹಾಕ್ತೀವಿ, ಜೀವ ಇರೋದನ್ನೇ ಹಾಕ್ತೀವಿ. ಪ್ರೋಬಯಾಟಿಕ್."

ಡಾಕ್ಟರ್ ಬಾಗಿಲಿಂದ ವಾಪಸ್ ಬಂದ್ರು. ಆಮೇಲೆ ದಡದಡ ಕೆಲಸ ಶುರುವಾಯ್ತು, ಯಾವ ಕಂಪನಿ ಪೌಡರ್, ಯಾವ ಜಾತಿ ಬ್ಯಾಕ್ಟೀರಿಯಾ, ಮಾಮ ಡೈರಿಗೆ ಫೋನ್ ಮಾಡಿ ಎಲ್ಲ ಕೇಳಿ ಹೇಳಿದ್ರು. "ಈಗ ಕೊಡ್ತಿರೋ ಔಷಧಿಗೆ ಇದು ಬಗ್ಗೋದೇ ಇಲ್ಲ, ಬೇರೆ ಹಾಕ್ಬೇಕು. ಆರೋಗ್ಯವಾಗಿರೋರಿಗೆ ಏನೂ ಮಾಡಲ್ಲ ಸರ್ ಇದು. ಇವರ ಮೈಯಲ್ಲಿ ತಡೆಯೋರೇ ಯಾರೂ ಇಲ್ಲ ಈಗ" ಅಂತ ಡಾಕ್ಟರ್ ಹೇಳಿ ಹೋದ್ರು.

ರೂಮಲ್ಲಿ ಮೂವರೇ ಉಳಿದ್ರು. ಭಾವ ಮಾಮನನ್ನ ನೋಡಿದ್ರು. ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಬಾಗಿಲು ತೆಗೆದು ಕಾರಿಡಾರಿಗೆ ಹೋಗಿ, ಲಿಫ್ಟ್ ಪಕ್ಕದ ಬೆಂಚಿನ ಮೇಲೆ ಬೆನ್ನು ಹಾಕಿ ಕೂತ್ರು.

"ಹೇಳೋಕೆ ನಿಂಗೇನು ಹುಚ್ಚಾ?" ಅಂದ್ರು ಅಕ್ಕ, ಉಸಿರಿನಷ್ಟೇ ದನಿ. "ಅವರು ಇನ್ನು ನಿನ್ನ ಮುಖ ನೋಡಲ್ಲ ಕಣೋ."

"ನೋಡ್ದೇ ಇದ್ರೆ ಇರ್ಲಿ. ನೀನಿರು ಸಾಕು."

ಹೊಸ ಔಷಧಿಗೆ ಜ್ವರ ಇಳೀತು! ನಿಜವಾಗ್ಲೂ ಇಳೀತು, ಅಕ್ಕ ಎದ್ದು ಕೂತು ಗಂಜಿ ಕುಡಿದ್ರು, ನರ್ಸಮ್ಮನ ಯೂನಿಫಾರ್ಮ್ ತೋಳು ಎಳೆದು ನೋಡಿ "ಯಾರು ಹೊಲಿದಿದ್ದು ಇದನ್ನ, ಕಂಕುಳಲ್ಲಿ ಬಿಗಿ ಮಾಡಿಟ್ಟಿದಾರೆ" ಅಂತ ಬೈದ್ರು. ಮಾಮ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಕ್ಕಳ ಥರ ಅತ್ರು.

ಆದ್ರೆ ಆ ಜ್ವರ ಅಕ್ಕನ ಮೈಯಲ್ಲಿದ್ದ ಶಕ್ತೀನೆಲ್ಲ ಹೀರಿಬಿಟ್ಟಿತ್ತು. ಮುಂದಿನ ಕೀಮೋ ಟೈಮಿಗೆ ಕೊಡೋಕೆ ಆಗಲಿಲ್ಲ. ಸುಧಾರಿಸ್ಕೊಳ್ಳಲಿ ಅಂತ ಡಾಕ್ಟರ್ ಕಾದ್ರು, ಕ್ಯಾನ್ಸರ್ ಕಾಯಲಿಲ್ಲ. ಮತ್ತೆ ರಕ್ತ ಟೆಸ್ಟ್ ಮಾಡಿದಾಗ ಅದು ಮೊದಲಿಗಿಂತ ಜೋರಾಗಿ ಹರಡಿತ್ತು. "ಮನೆಗೆ ಕರ್ಕೊಂಡು ಹೋಗಿ, ನೋವಿಗೆ ಔಷಧಿ ಕೊಡ್ತೀವಿ" ಅಂದ್ರು.

ಮಾಮ ಡಾಕ್ಟರ ರೂಮಿಗೆ ಒಬ್ಬರೇ ಹೋಗಿ ಕೇಳಿದ್ರು. "ಹಾಲಿನಿಂದಲೇನಾ?"

"ಕಾಯಿಲೆ ಮೊದಲೇ ಕೆಟ್ಟದ್ದಿತ್ತು ಸರ್."

"ಅದು ನಂಗೊತ್ತು. ಆ ಜ್ವರ ಬರದೇ ಇದ್ದಿದ್ರೆ?"

ಡಾಕ್ಟರಮ್ಮ ಪೆನ್ನಿನ ಕ್ಯಾಪ್ ಹಾಕಿ ತೆಗೆದು ಮಾಡಿದ್ರು. "ಇನ್ನೊಂದಿಷ್ಟು ಕಾಲ ಸಿಗ್ತಿತ್ತೇನೋ. ಎಷ್ಟು ಅಂತ ನನಗೆ ಹೇಳೋಕೆ ಬರಲ್ಲ." ಸುಳ್ಳು ಹೇಳಲಿಲ್ಲ ಅವರು.

ಅಕ್ಕನನ್ನ ಮುಂದಿನ ರೂಮಲ್ಲೇ ಮಲಗಿಸಿದ್ರು, ರಸ್ತೆ ಕಾಣ್ಲಿ ಅಂತ. ಸುತ್ತ ಬಟ್ಟೆಗಳು ಹಾಗೇ ನೇತಾಡ್ತಿದ್ವು. ಮಾಮ ಡೈರಿಗೆ ರಜೆ ಹಾಕಿ ಅಲ್ಲೇ ಇದ್ರು. ಭಾವ ಮಾಮನ ಜೊತೆ ಮಾತೇ ಬಿಟ್ಟಿದ್ರು. ಮೊದಲೂ ಮಾತು ಕಮ್ಮಿನೇ, ಆದ್ರೆ ಮಾತು ಕಮ್ಮಿ ಇರೋದಕ್ಕೂ ಮಾತು ಬಿಡೋದಕ್ಕೂ ಎಷ್ಟು ವ್ಯತ್ಯಾಸ ಅಂತ ಆ ಮನೇಲಿ ಕೂತೋರಿಗೆ ಗೊತ್ತಾಗ್ತಿತ್ತು. ಒಬ್ರು ರೂಮಿಗೆ ಬಂದ್ರೆ ಇನ್ನೊಬ್ರು ಅಡುಗೆಮನೆಗೆ.

"ಏನ್ರೀ ಇದು, ಕಣ್ಣಾಮುಚ್ಚಾಲೆ ಆಡೋ ಮಕ್ಕಳ ಥರ. ಒಂದು ಹೊರಗೆ ಬಂದ್ರೆ ಇನ್ನೊಂದು ಒಳಗೆ" ಅಂತ ಅಕ್ಕ ಭಾವನನ್ನ ಕೆಣಕಿದ್ರು. ಭಾವ ಹೊದಿಕೆ ಸರಿ ಮಾಡಿದ್ರು, ಅಷ್ಟೇ.

ಹಾಲು ಬೇಕು ಅಂತ ಅಕ್ಕ ಕೇಳಿದ್ರೆ ಮಾಮ ಬೀದಿ ಕೊನೆ ಅಂಗಡಿ ಪ್ಯಾಕೆಟ್ ತಂದು ಕುದಿಸೋರು. ಉಕ್ಕಿ ಬಂದ್ರೆ ಉರಿ ಸಣ್ಣ ಮಾಡಿ, ಮತ್ತೆ ಕುದಿಸಿ, ಮತ್ತೆ ಸಣ್ಣ ಮಾಡಿ, ಬಿಡ್ತಾನೇ ಇರಲಿಲ್ಲ.

"ಸಾಕು ಬಾರೋ, ಇನ್ನೇನು ಪಾತ್ರೆನೂ ಕುದಿಸ್ತೀಯಾ?" ಅಂತ ಒಳಗಿಂದ ಅಕ್ಕ. ಮಾಮ ಚಮಚದಲ್ಲಿ ಕುಡಿಸಿದ್ರು. ಎರಡು ಚಮಚಕ್ಕೇ ಅಕ್ಕ ಮುಖ ತಿರುಗಿಸಿ, "ನಿನ್ನ ಹಾಲಿನ ರುಚಿ ಇದಕ್ಕಿಲ್ಲ ಕಣೋ" ಅಂದ್ರು. ಸಮಾಧಾನ ಮಾಡೋಕೇ ಹೇಳಿದ್ದು ಅದು. ಮಾಮ ಲೋಟ ತಗೊಂಡು ಹಿತ್ತಲಿಗೆ ಹೋಗಿ ಸುಮಾರು ಹೊತ್ತು ಬರಲೇ ಇಲ್ಲ.

ಒಂದು ಬೆಳಿಗ್ಗೆ, ಬೀದಿಯಲ್ಲಿ ಮಕ್ಕಳು ಸ್ಕೂಲಿಗೆ ಹೋಗೋ ಗಲಾಟೆ ನಡೀತಿದ್ದಾಗ, ಅಕ್ಕ ಹೋಗಿಬಿಟ್ರು. ಭಾವ ಒಂದು ಕೈ ಹಿಡ್ಕೊಂಡಿದ್ರು, ಮಾಮ ಇನ್ನೊಂದು.

ಎಲ್ಲ ಮುಗಿದು, ಬಂದೋರೆಲ್ಲ ಹೋದ್ಮೇಲೆ, ಬಟ್ಟೆ ಕೊಟ್ಟಿದ್ದ ಜನ ಒಬ್ಬೊಬ್ಬರೇ ಬರೋಕೆ ಶುರು ಮಾಡಿದ್ರು. ಪಾಪ, ಕೇಳೋಕೂ ಅವರಿಗೆ ಸಂಕೋಚ. ಯಾವ ಬಟ್ಟೆ ಯಾರದ್ದು ಅಂತ ಅಕ್ಕನ ತಲೆಯಲ್ಲಿ ಬಿಟ್ರೆ ಬೇರೆ ಎಲ್ಲೂ ಇರಲಿಲ್ಲ. ಮಾಮ ಒಂದೊಂದೇ ಹಗ್ಗದಿಂದ ಇಳಿಸೋದು, ಭಾವ ಎತ್ತಿ ಹಿಡಿದು ತೋರಿಸೋದು, ಬಂದೋರು "ನಮ್ಮದಲ್ಲ, ನಮ್ಮದಲ್ಲ, ಹಾಂ ಅದೇ" ಅನ್ನೋದು. ಎಷ್ಟೋ ಬಟ್ಟೆಗಳಲ್ಲಿ ಸೀಮೆಸುಣ್ಣದ ಗೆರೆ ಹಾಗೇ ಇತ್ತು, ಹೊಲಿಗೆ ಬಿದ್ದಿರಲಿಲ್ಲ. ಇಬ್ರೂ ಒಂದೇ ರೂಮಲ್ಲಿ ಅಷ್ಟು ಹೊತ್ತು ಇದ್ದಿದ್ದು ಆವತ್ತೇ.

ಕೊನೇ ಗಿರಾಕಿ ಹೋದ್ಮೇಲೆ ಭಾವ ಹೊಲಿಗೆ ಮಿಷನ್ನಿನ ಸ್ಟೂಲ್ ಮೇಲೆ ಕೂತ್ರು. ಅಕ್ಕನ ಸ್ಟೂಲು ಅವರಿಗೆ ಸಣ್ಣದು, ಮಂಡಿ ಮೇಲಕ್ಕೆ ಬಂತು.

"ಒಂದು ಕೇಳ್ತೀನಿ" ಅಂದ್ರು.

ಎಷ್ಟೋ ದಿನ ಆದ್ಮೇಲೆ ಭಾವನ ಬಾಯಿಂದ ಬಂದ ಮಾತು. ಮಾಮ ಕೈಯಲ್ಲಿದ್ದ ಹ್ಯಾಂಗರ್ ಕೆಳಗಿಟ್ರು.

"ಕೇಳಿ ಭಾವ."

"ಮೇಡಂ ಹೇಳಿದ್ದನ್ನ ನಾನು ಅವಳಿಗೆ ಸರಿಯಾಗೇ ಹೇಳಿದ್ದೆ. ಅವಳು ಕುದಿಸ್ತಿದ್ಲು. ನಾನೇ ನೋಡಿದೀನಿ, ನೀನು ತಂದ ಹಾಲನ್ನೂ ಕುದಿಸ್ತಿದ್ಲು. ಮಧ್ಯದಲ್ಲಿ ಯಾಕೆ ನಿಲ್ಲಿಸಿದ್ಲು?"

ಮರೆವು ಅನ್ನಬಹುದಿತ್ತು. ಸುಸ್ತಾಗಿತ್ತು, ಒಲೆ ಮುಂದೆ ನಿಲ್ಲೋಕೆ ಆಗ್ತಿರಲಿಲ್ಲ ಅನ್ನಬಹುದಿತ್ತು, ಭಾವ ನಂಬ್ತಿದ್ರು ಕೂಡ. ಗೋಡೆ ಹಿಡ್ಕೊಂಡು ಎದ್ದು ಬಂದು, ತನ್ನ ಮುಖ ನೋಡ್ಕೊಂಡೇ ಬಾಟಲ್ ಎತ್ತಿದ ಅಕ್ಕ ಮಾಮನ ಕಣ್ಣಿಗೆ ಕಟ್ಟಿದ್ರು.

"ನನಗೆ ಬೇಜಾರಾಗುತ್ತೆ ಅಂತ" ಅಂದ್ರು ಮಾಮ.

ಭಾವ ಮಿಷನ್ ಮೇಲಿದ್ದ ಸೀಮೆಸುಣ್ಣದ ತುಂಡನ್ನ ಎತ್ತಿ ಪಕ್ಕಕ್ಕಿಟ್ರು. ಆಮೇಲೆ ತಲೆ ಅಲ್ಲಾಡಿಸಿದ್ರು.

"ಹೂಂ" ಅಂದ್ರು. "ಅಷ್ಟಕ್ಕೇ ನಿಲ್ಲಿಸಿರ್ತಾಳೆ."

ಎದ್ದು ಅಡುಗೆಮನೆ ಬಾಗಿಲ ತನಕ ಹೋಗಿ ಅಲ್ಲೇ ನಿಂತ್ರು, ಒಳಗೂ ಹೋಗಲಿಲ್ಲ, ತಿರುಗಿ ಮಾಮನ ಕಡೆಗೂ ನೋಡಲಿಲ್ಲ. ಮಾಮನಿಗೆ ಹೊರಡಬೇಕೋ ಕೂರಬೇಕೋ ಗೊತ್ತಾಗಲಿಲ್ಲ. ಯಾರೂ ಬಂದು ಕೇಳದ ನಾಲ್ಕಾರು ಬಟ್ಟೆ ಹಗ್ಗದ ಮೇಲೆ ಉಳಿದಿದ್ವು. ಮಾಮ ಅವನ್ನ ಇಳಿಸಿ, ಒಂದೊಂದಾಗಿ ಮಡಚೋಕೆ ಶುರು ಮಾಡಿದ್ರು.